ಕೈ ಬದಲಿಸಿ ನೋಡಿ, ರೇಂಜ್ ಬದಲಾಗುತ್ತದೆ: ಮೊಬೈಲ್ ಆಂಟೆನಾ ಮತ್ತು ನಮ್ಮ ಮೈ

ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಎರಡು. ಒಂದು, "ಟೇಬಲ್ ಮ್ಯಾಲ ಇಟ್ಟಾಗ ನಾಲ್ಕು ಕಡ್ಡಿ ಇರ್ತಾವ್ರಿ, ಕಿವಿಗೆ ಹಚ್ಚಿದ ಕೂಡ್ಲೇ ಎರಡಕ್ಕ ಇಳೀತಾವ. ಫೋನ್ ಕೆಟ್ಟದೇನು?" ಇನ್ನೊಂದು, "ದಿನಾ ಇಷ್ಟೊತ್ತು ಮಾತಾಡ್ತೀವಲ್ಲ, ತಲೀಗೆ ಏನರ ಆಗ್ತದೇನ್ರಿ?"

ಕೇಳುವವರಿಗೆ ಇವು ಬೇರೆ ಬೇರೆ ಪ್ರಶ್ನೆ. ಅಸಲಿಗೆ ಒಂದೇ ಖಾತೆಯ ಜಮಾ ಮತ್ತು ಖರ್ಚು. ಫೋನ್ ಹೊರಡಿಸಿದ ರೇಡಿಯೊ ಅಲೆಯಲ್ಲಿ ಟವರಿನ ಕಡೆ ಹೋಗದೆ ಉಳಿದದ್ದರ ಒಂದು ಪಾಲು ನಿಮ್ಮ ಕೈಯಲ್ಲಿ, ಕೆನ್ನೆಯಲ್ಲಿ ಇಂಗಿತು. ಹಾಗೆ ಇಂಗಿದ್ದರಿಂದ ರೇಂಜ್ ಬಿತ್ತು. ರೇಂಜ್ ಬಿದ್ದದ್ದರಿಂದ ಫೋನ್ ಇನ್ನಷ್ಟು ಜೋರಾಗಿ ಅಲೆ ಬಿಟ್ಟಿತು. ಆದ್ದರಿಂದ ರೇಂಜ್ ಸುಧಾರಿಸುವ ಕ್ರಮ ಮತ್ತು ಮೈಗೆ ಬರುವ ಅಲೆ ತಗ್ಗಿಸುವ ಕ್ರಮ ಹೆಚ್ಚುಕಡಿಮೆ ಒಂದೇ. ಕೆಳಗಿನ ಹಂತಗಳನ್ನು ಒಂದು ಭಾನುವಾರ ಮಧ್ಯಾಹ್ನ ಮನೆಯಲ್ಲೇ ಮಾಡಿ ನೋಡಬಹುದು.

ಏನೇನು ಬೇಕು

ನಿಮ್ಮ ಫೋನ್, ಅದರ ಪರದೆಯನ್ನು ವಿಡಿಯೊ ಮಾಡಲು ಮನೆಯವರ ಇನ್ನೊಂದು ಫೋನ್, ಒಂದು ರಟ್ಟಿನ ಡಬ್ಬಿ ಅಥವಾ ಕಟ್ಟಿಗೆಯ ಸ್ಟೂಲು, ಬರೆದುಕೊಳ್ಳಲು ಹಾಳೆ. ಒಂದು ತಾಸಿನ ಬಿಡುವು. ಸ್ಟೀಲ್ ಸ್ಟೂಲು, ಕಬ್ಬಿಣದ ಮಂಚ, ಗಾಡ್ರೇಜ್ ಕಪಾಟಿನ ಹತ್ತಿರ ಮಾತ್ರ ಬೇಡ. ಲೋಹ ಅಲೆಯನ್ನು ತಿರುಗಿಸಿ ಎಸೆಯುವುದರಿಂದ ನೀವು ಅಳೆಯುವುದು ನಿಮ್ಮ ಕೈಯನ್ನಲ್ಲ, ಕಪಾಟನ್ನು.

ಹಂತ 1: ಕಡ್ಡಿ ಬಿಡಿ, ಅಂಕಿ ನೋಡಿ

ಪರದೆಯ ಮೇಲಿನ ಕಡ್ಡಿಗಳನ್ನು ಲೆಕ್ಕಕ್ಕೆ ತಗೋಬೇಡಿ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ಎಂಬುದನ್ನು ಒಂದೊಂದು ಕಂಪನಿ ಒಂದೊಂದು ರೀತಿ ನಿಗದಿ ಮಾಡಿಕೊಂಡಿರುತ್ತದೆ. 2010ರಲ್ಲಿ ಐಫೋನ್ 4 ಬಂದಾಗ, ಚೌಕಟ್ಟಿನ ಎಡ ಕೆಳಮೂಲೆಯ ಸಂದಿಯನ್ನು ಅಂಗೈ ಮುಚ್ಚಿದರೆ ಸಿಗ್ನಲ್ ಬಿದ್ದುಹೋಗುತ್ತದೆಂದು ದೊಡ್ಡ ಗದ್ದಲವೇ ಆಯಿತು. ಆಗ ಆಪಲ್ ಕಂಪನಿ, ತಾನು ಕಡ್ಡಿ ತೋರಿಸುತ್ತಿದ್ದ ಸೂತ್ರವೇ ತಪ್ಪಾಗಿತ್ತೆಂದು ಒಪ್ಪಿಕೊಂಡು, ಕೊನೆಗೆ ಗ್ರಾಹಕರಿಗೆ ಪುಕ್ಕಟೆ ಕವರ್ ಕೊಟ್ಟಿತು.

ನಮಗೆ ಬೇಕಾದದ್ದು ಡಿಬಿಎಂ ಎಂಬ ಅಳತೆ. ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ಒಳಗೆ ಸಿಗ್ನಲ್ ಸ್ಟ್ರೆಂತ್ ಎಂದು ಇರುತ್ತದೆ. ನೆಟ್‌ಮಾನ್‌ಸ್ಟರ್‌ನಂಥ ಪುಕ್ಕಟೆ ಆ್ಯಪ್ ಹಾಕಿಕೊಂಡರೆ ಇನ್ನೂ ಸಲೀಸು. ಅದು ಲೊಕೇಶನ್ ಅನುಮತಿ ಕೇಳುತ್ತದೆ, ಗಾಬರಿ ಬೇಡ. ಆ ಅನುಮತಿ ಇಲ್ಲದೆ ಆಂಡ್ರಾಯ್ಡ್ ಯಾವ ಆ್ಯಪಿಗೂ ಟವರಿನ ವಿವರ ಕೊಡುವುದಿಲ್ಲ. ಐಫೋನಿನಲ್ಲಾದರೆ *3001#12345# ಒತ್ತಿ, ಕೊನೆಗೆ ಇನ್ನೊಂದು * ಸೇರಿಸಿ ಕರೆ ಮಾಡಿ. ಒಳಗಿನ ಪರೀಕ್ಷಾ ಪುಟ ತೆರೆಯುತ್ತದೆ.

4ಜಿಯಲ್ಲಿ ಹುಡುಕಬೇಕಾದ ಸಾಲಿನ ಹೆಸರು ಆರ್‌ಎಸ್‌ಆರ್‌ಪಿ. ಟವರಿನಿಂದ ಬರುವ ಗುರುತಿನ ಅಲೆ ನಿಮ್ಮ ಫೋನಿಗೆ ಎಷ್ಟು ಬಲವಾಗಿ ಮುಟ್ಟುತ್ತಿದೆ ಎಂಬ ಅಂಕಿ ಅದು. ಯಾವಾಗಲೂ ಮೈನಸ್‌ನಲ್ಲೇ ಇರುತ್ತದೆ, ಬಹಳ ಮಂದಿ ಮುಗ್ಗರಿಸುವುದೂ ಇಲ್ಲೇ. ಬೋರ್‌ವೆಲ್ ನೀರಿನ ಮಟ್ಟ ಹೇಳುವ ಹಾಗೆ ಓದಿ: 80 ಅಡಿಗೆ ನೀರಿದ್ದರೆ ಒಳ್ಳೆಯದು, 110 ಅಡಿಗೆ ಇಳಿದರೆ ಕಷ್ಟ. −80 ಅಥವಾ ಅದಕ್ಕಿಂತ ಮೇಲೆ ಗಟ್ಟಿ ಸಿಗ್ನಲ್. −95ರವರೆಗೂ ತೊಂದರೆ ಇಲ್ಲ. −110ಕ್ಕೆ ಬಂದರೆ ಮಾತು ಕಡಿಯಲು ಶುರು. −120ರ ಹತ್ತಿರ ಫೋನ್ ಕೈಚೆಲ್ಲುತ್ತದೆ.

ಇನ್ನೊಂದು ಲೆಕ್ಕ ಬಾಯಿಪಾಠ ಮಾಡಿಕೊಳ್ಳಿ. ಅಂಕಿ 3 ಇಳಿದರೆ ಬಲ ಅರ್ಧ. 6 ಇಳಿದರೆ ಕಾಲು. 10 ಇಳಿದರೆ ಹತ್ತರಲ್ಲಿ ಒಂದು, 20 ಇಳಿದರೆ ನೂರರಲ್ಲಿ ಒಂದು. ಸ್ಟೂಲಿನ ಮೇಲೆ −92 ಇದ್ದದ್ದು ಕೈಯಲ್ಲಿ −101 ಆದರೆ ನೋಡಲಿಕ್ಕೆ ಒಂಬತ್ತೇ ವ್ಯತ್ಯಾಸ. ಆದರೆ ಬರುತ್ತಿದ್ದ ಬಲದಲ್ಲಿ ಎಂಟನೇ ಒಂದು ಪಾಲಷ್ಟೇ ಉಳಿದಿದೆ.

ಹಂತ 2: ಫೋನನ್ನು ಒಂದೇ ಕಡೆ ಕಟ್ಟಿಹಾಕಿ

ಫೋನ್ ಸುಮ್ಮನೆ ಕೂರುವ ಪ್ರಾಣಿಯಲ್ಲ. ಒಂದು ಗಳಿಗೆ 5ಜಿ, ಇನ್ನೊಂದು ಗಳಿಗೆ 4ಜಿ, ಮತ್ತೊಂದು ಗಳಿಗೆ ಬೇರೆ ಟವರು. ಅಳತೆ ನಡುವೆ ಹೀಗೆ ಜಿಗಿದರೆ ನಿಮ್ಮ ಅಂಕಿಗಳೆಲ್ಲ ಹುರುಳಿ ಚೆಲ್ಲಿದ ಹಾಗೆ.

ಒಂದು ಸಿಮ್ ಆಫ್ ಮಾಡಿ. ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ 5ಜಿ ಬಿಟ್ಟು 4ಜಿ ಆರಿಸಿ. ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ *#*#4636#*#* ಒತ್ತಿದರೆ ತೆರೆಯುವ ಪುಟದಲ್ಲಿ ಎಲ್‌ಟಿಇ ಓನ್ಲಿ, ಅಂದರೆ 4ಜಿ ಮಾತ್ರ, ಎಂಬ ಆಯ್ಕೆ ಸಿಗುತ್ತದೆ. ಅದು ಇನ್ನೂ ಒಳ್ಳೆಯದು. ಆ್ಯಪಿನಲ್ಲಿ ಕಾಣುವ ಬ್ಯಾಂಡ್ ಸಂಖ್ಯೆ, ಪಿಸಿಐ ಸಂಖ್ಯೆ ಎರಡನ್ನೂ ಹಾಳೆಯ ಮೇಲ್ತುದಿಯಲ್ಲಿ ಬರೆದುಕೊಳ್ಳಿ. ಬ್ಯಾಂಡ್ ಎಂದರೆ ಅಲೆಯ ಕಂಪನದ ದರ್ಜೆ, ಪಿಸಿಐ ಎಂದರೆ ಟವರಿನ ಯಾವ ಮುಖ ಎಂಬ ಗುರುತು. ನಡುವೆ ಇವೆರಡರಲ್ಲಿ ಯಾವುದು ಬದಲಾದರೂ ಆ ಅಂಕಿ ಹೊಡೆದುಹಾಕಿ.

ಫೋನಿನ ಕವರ್ ತೆಗೆದಿಡಿ. ಅದರ ಪರೀಕ್ಷೆ ಆಮೇಲೆ.

ಹಂತ 3: ಆಂಟೆನಾ ಎಲ್ಲಿದೆ ಎಂದು ಪತ್ತೆ ಹಚ್ಚಿ

ಇಪ್ಪತ್ತೈದು ವರ್ಷದ ಹಿಂದಿನ ಫೋನುಗಳಲ್ಲಿ ತಲೆಯ ಮೇಲೊಂದು ಕುಡಿ ಇರುತ್ತಿತ್ತು. ಈಗ ಅದು ಒಳಗೆ ಸೇರಿದೆ, ಹೆಚ್ಚಿನವುಗಳಲ್ಲಿ ಚೌಕಟ್ಟಿನ ಲೋಹವೇ ಆಂಟೆನಾ. ಫೋನಿನ ಅಂಚನ್ನು ಬೆಳಕಿಗೆ ಹಿಡಿದು ತಿರುಗಿಸಿ. ಲೋಹದ ನಡುವೆ ಒಂದೆರಡು ಮಿಲಿಮೀಟರ್ ಅಗಲದ ಪ್ಲಾಸ್ಟಿಕ್ ಗೆರೆಗಳು ಕಾಣುತ್ತವೆ. ಅವು ಅಂದಕ್ಕೆ ಹಾಕಿದವಲ್ಲ. ಒಂದು ಆಂಟೆನಾ ಮುಗಿದು ಇನ್ನೊಂದು ಶುರುವಾಗುವ ಗಡಿಕಲ್ಲುಗಳು. ಪ್ಲಾಸ್ಟಿಕ್ ಚೌಕಟ್ಟಿನ ಅಗ್ಗದ ಫೋನಿನಲ್ಲಿ ಗೆರೆ ಇರುವುದಿಲ್ಲ, ಆಂಟೆನಾ ಒಳಗೋಡೆಗೆ ಅಂಟಿರುತ್ತದೆ.

ಸಾಮಾನ್ಯ ನಿಯಮ: ಚಾರ್ಜರ್ ಹಾಕುವ ಕೆಳತುದಿಯಲ್ಲಿ ಮುಖ್ಯ ಆಂಟೆನಾ, ಕಳಿಸುವ ಕೆಲಸ ಹೆಚ್ಚಾಗಿ ಅದರದ್ದು. ಮೇಲ್ತುದಿಯಲ್ಲಿ ಸಹಾಯಕ ಆಂಟೆನಾ, ಮುಖ್ಯವಾಗಿ ಪಡೆಯುವುದಕ್ಕೆ. ಪಕ್ಕದಲ್ಲಿ ವೈಫೈ, ಬ್ಲೂಟೂತ್, ಮೇಲ್ದರ್ಜೆಯ ಬ್ಯಾಂಡುಗಳವು. ಮುಖ್ಯ ಆಂಟೆನಾ ಕೆಳಗೆ ಬಂದದ್ದಕ್ಕೆ ದೊಡ್ಡ ಕಾರಣವೇ ತಲೆ. ಫೋನ್ ಕಿವಿಗೆ ಹಚ್ಚಿದಾಗ ಕೆಳತುದಿ ಕೆನ್ನೆಯಿಂದ ತುಸು ದೂರ ನಿಲ್ಲುತ್ತದೆ, ತಲೆಯಲ್ಲಿ ಇಂಗುವುದು ಕಡಿಮೆಯಾಗುತ್ತದೆ. ಬದಲಿಗೆ ಅದು ಅಂಗೈಗೆ ಸಿಕ್ಕಿಬಿತ್ತು.

ಅಲೆಯ ಉದ್ದವೂ ಇಲ್ಲಿ ಮುಖ್ಯ. 900 ಮೆಗಾಹರ್ಟ್ಜ್ ಅಲೆ ಸುಮಾರು 33 ಸೆಂಟಿಮೀಟರ್ ಉದ್ದ. ಆಂಟೆನಾಕ್ಕೆ ಅದರ ಕಾಲು ಭಾಗ, 8 ಸೆಂಟಿಮೀಟರ್ ಬೇಕು. 1800ಕ್ಕೆ 4 ಸೆಂಟಿಮೀಟರ್ ಸಾಕು. 5ಜಿಯ 3500ಕ್ಕೆ ಎರಡೇ. ಹದಿನೈದು ಸೆಂಟಿಮೀಟರ್ ಫೋನಿನಲ್ಲಿ ಎಂಟು ಸೆಂಟಿಮೀಟರ್ ಜಾಗ ಎಲ್ಲಿಂದ ತರುವುದು? ಅದಕ್ಕೇ ಹಳ್ಳಿ ಕಡೆ ದೂರ ಮುಟ್ಟಿಸಲು ಬಳಸುವ 700, 850, 900ರ ಕೆಳ ಬ್ಯಾಂಡುಗಳಲ್ಲಿ ಇಡೀ ಫೋನಿನ ಮೈಯೇ ಆಂಟೆನಾ ಆಗಿ ಕಂಪಿಸುತ್ತದೆ, ಎಲ್ಲಿ ಹಿಡಿದರೂ ಸ್ವಲ್ಪ ಪೆಟ್ಟು ಬೀಳುತ್ತದೆ. ಮೇಲಿನ ಬ್ಯಾಂಡಿನಲ್ಲಿ ಹಾಗಲ್ಲ. ಬೆರಳು ಸರಿಯಾಗಿ ಆ ಜಾಗದ ಮೇಲೆ ಬಿದ್ದರೆ ಭಾರಿ ಪೆಟ್ಟು, ಒಂದಂಗುಲ ಸರಿದರೆ ಏನೂ ಇಲ್ಲ.

ಹಂತ 4: ಖಾಲಿ ಅಳತೆ

ಕಿಟಕಿ ಹತ್ತಿರವೂ ಅಲ್ಲದ, ಮೂಲೆಯೂ ಅಲ್ಲದ ಜಾಗದಲ್ಲಿ ಸ್ಟೂಲು ಇಡಿ, ಅದರ ಮೇಲೆ ರಟ್ಟಿನ ಡಬ್ಬಿಗೆ ಒರಗಿಸಿ ಫೋನ್ ನಿಲ್ಲಿಸಿ. ಪರದೆ ಆರದ ಹಾಗೆ ಹತ್ತು ನಿಮಿಷದ ಟೈಮರ್ ಕೊಡಿ. ಈಗ ನೀವು ಒಂದೂವರೆ ಮೀಟರ್ ಹಿಂದೆ ಸರಿದು, ಇನ್ನೊಂದು ಫೋನಿನಿಂದ ಜೂಮ್ ಮಾಡಿ ಒಂದು ನಿಮಿಷ ವಿಡಿಯೊ ತೆಗೆಯಿರಿ. ಹತ್ತಿರ ನಿಂತು ಬಗ್ಗಿ ಓದಿದರೆ ನಿಮ್ಮ ಮೈಯೇ ಅಳತೆ ಕೆಡಿಸುತ್ತದೆ.

ವಿಡಿಯೊ ಓಡಿಸಿ ಐದೈದು ಸೆಕೆಂಡಿಗೆ ಒಂದರಂತೆ ಹತ್ತು ಅಂಕಿ ಬರೆಯಿರಿ. ಯಾರೂ ಅಲ್ಲಾಡದಿದ್ದರೂ ಅಂಕಿ ಮೂರ್ನಾಲ್ಕು ಅತ್ತಿತ್ತ ಆಡುತ್ತದೆ, ಅದು ಸಹಜ. ಹತ್ತನ್ನೂ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನ ಎರಡರ ಸರಾಸರಿ ಹಿಡಿಯಿರಿ. ಇದು ನಿಮ್ಮ ಖಾಲಿ ಅಳತೆ, ಮುಂದಿನ ಎಲ್ಲವನ್ನೂ ಇದರ ಜೊತೆ ಹೋಲಿಸಬೇಕು. ಒಂದೇ ಒಂದು ಅಂಕಿ ನೋಡಿ ತೀರ್ಮಾನಕ್ಕೆ ಬರುವುದೇ ಈ ಪರೀಕ್ಷೆಯಲ್ಲಿ ಆಗುವ ದೊಡ್ಡ ತಪ್ಪು.

ಹಂತ 5: ಹಿಡಿತ ಬದಲಿಸುತ್ತ ಅಳೆಯಿರಿ

ಜಾಗ ಬದಲಿಸಬಾರದು. ಅದೇ ಸ್ಟೂಲಿನ ಪಕ್ಕ ನಿಂತು, ಅದೇ ಎತ್ತರದಲ್ಲಿ, ಒಂದೊಂದು ಹಿಡಿತಕ್ಕೂ ಒಂದು ನಿಮಿಷ ಕೊಡಿ. ಫೋನ್ ನಿಮ್ಮ ಕೈಯಲ್ಲಿ, ವಿಡಿಯೊ ಇನ್ನೊಬ್ಬರು ಮಾಡಲಿ.

ಮೊದಲು ಎರಡು ಬೆರಳಲ್ಲಿ ಅಂಚಿನ ನಡುಭಾಗ ಹಿಡಿದು. ಆಮೇಲೆ ದಿನಾ ಹಿಡಿಯುವ ಹಾಗೆ, ಕೆಳತುದಿ ಅಂಗೈಯಲ್ಲಿ, ಕಿರುಬೆರಳು ಚಾರ್ಜರ್ ತೂತಿನ ಕೆಳಗೆ. ಮೂರನೆಯದು ಆಟ ಆಡುವ ಹುಡುಗರ ಹಿಡಿತ, ಅಡ್ಡಲಾಗಿ ಎರಡೂ ಕೈಯಲ್ಲಿ. ಇದರಲ್ಲಿ ಮೇಲ್ತುದಿ ಕೆಳತುದಿ ಎರಡೂ ಮುಚ್ಚುವುದರಿಂದ ಪೆಟ್ಟು ಬಹಳ ಸಲ ಇದರಲ್ಲೇ ಹೆಚ್ಚು. ನಾಲ್ಕನೆಯದು ಕಿವಿಗೆ ಒತ್ತಿ. ಐದನೆಯದು ಎದೆಕಿಸೆ, ಆರನೆಯದು ಪ್ಯಾಂಟಿನ ಹಿಂಗಿಸೆ.

ಕೊನೆಯದಾಗಿ ದಿಕ್ಕಿನ ಪರೀಕ್ಷೆ. ಫೋನನ್ನು ಎದೆ ಮುಂದೆ ಎರಡು ಬೆರಳಲ್ಲಿ ಹಿಡಿದು ನಿಂತಲ್ಲೇ ಪೂರ್ವ, ದಕ್ಷಿಣ, ಪಶ್ಚಿಮ, ಉತ್ತರಕ್ಕೆ ತಿರುಗಿ ಅಳೆಯಿರಿ. ಟವರಿಗೆ ಬೆನ್ನು ಕೊಟ್ಟಾಗ ನಿಮ್ಮ ಮೈ ಗೋಡೆಯಾಗುತ್ತದೆ. ಹೊಲದ ನಡುವೆ, ತಾರಸಿಯ ಮೇಲೆ ಈ ವ್ಯತ್ಯಾಸ ಎದ್ದು ಕಾಣುತ್ತದೆ. ದುರ್ಗದಬೈಲಿನಂಥ ಇಕ್ಕಟ್ಟಿನ ಪೇಟೆಯಲ್ಲಿ ಅಲೆಗಳು ಗೋಡೆಗಳಿಗೆ ಬಡಿದು ಎಲ್ಲ ಕಡೆಯಿಂದಲೂ ಬರುವುದರಿಂದ ಅಷ್ಟಾಗಿ ಕಾಣುವುದಿಲ್ಲ.

ಅಂಕಿ ಯಾಕೆ ಬೀಳುತ್ತದೆ? ಮೂರು ಕಾರಣ ಒಟ್ಟಿಗೆ ಕೆಲಸ ಮಾಡುತ್ತವೆ. ನೆರಳು ಒಂದು, ಈಗಷ್ಟೇ ಹೇಳಿದೆ. ಎರಡನೆಯದು ಇಂಗುವಿಕೆ: ನಮ್ಮ ಮಾಂಸದಲ್ಲಿ ಮುಕ್ಕಾಲು ಪಾಲು ಉಪ್ಪುನೀರೇ, ರೇಡಿಯೊ ಅಲೆ ಅದರಲ್ಲಿ ನುಗ್ಗಿದಷ್ಟೂ ಬಲ ಕಳೆದುಕೊಂಡು ಬಿಸಿಯಾಗಿ ಬದಲಾಗುತ್ತದೆ. 900 ಮೆಗಾಹರ್ಟ್ಜ್ ಅಲೆ ಕೆಲವು ಸೆಂಟಿಮೀಟರ್ ಒಳಗೆ ಹೋಗುತ್ತದೆ, ಕಂಪನ ಹೆಚ್ಚಿದಷ್ಟೂ ಮೇಲ್ಮೈಯಲ್ಲೇ ನಿಲ್ಲುತ್ತದೆ. 26 ಗಿಗಾಹರ್ಟ್ಜ್ ಅಲೆಯಾದರೆ ಚರ್ಮದ ಒಂದು ಮಿಲಿಮೀಟರ್ ಆಚೀಚೆಯಲ್ಲೇ ಮುಗಿಯುತ್ತದೆ.

ಮೂರನೆಯದು ಶ್ರುತಿ ಇಳಿಯುವುದು, ಮತ್ತು ಇದನ್ನು ಧಾರವಾಡದವರಿಗೆ ಹೇಳುವುದು ಸುಲಭ. ಜಲತರಂಗದ ಬಟ್ಟಲಿಗೆ ನೀರು ಹಾಕುತ್ತ ಹೋದ ಹಾಗೆ ನಾದ ಕೆಳಗಿಳಿಯುತ್ತದಲ್ಲ? ಆಂಟೆನಾವೂ ಒಂದು ಬಟ್ಟಲು, ಒಂದು ಕಂಪನಕ್ಕೆ ಶ್ರುತಿ ಮಾಡಿದ್ದು. ನೀರು ತುಂಬಿದ ನಿಮ್ಮ ಅಂಗೈ ಅದರ ಪಕ್ಕಕ್ಕೆ ಬಂದ ಕೂಡಲೇ ಶ್ರುತಿ ತಗ್ಗುತ್ತದೆ. 1800ಕ್ಕೆ ಕೂಡಿಸಿದ್ದು ಅದಕ್ಕಿಂತ ಕೆಳಗೆಲ್ಲೋ ನುಡಿಯಲು ಹತ್ತುತ್ತದೆ, ರೇಡಿಯೊ ಕೊಟ್ಟ ಬಲದಲ್ಲಿ ಒಂದಿಷ್ಟು ಹೊರಗೆ ಹೋಗದೆ ವಾಪಸ್ಸು ಬರುತ್ತದೆ. ಒಳ್ಳೆಯ ಫೋನುಗಳಲ್ಲಿ ಇದನ್ನು ಗುರುತಿಸಿ ಮತ್ತೆ ಶ್ರುತಿ ಕೂಡಿಸುವ ಚಿಪ್ ಇರುತ್ತದೆ. ಶ್ರುತಿಯನ್ನು ಅದು ತಕ್ಕಮಟ್ಟಿಗೆ ಸರಿಮಾಡಬಲ್ಲದು; ಮಾಂಸದಲ್ಲಿ ಇಂಗಿದ್ದನ್ನು ಯಾವ ಚಿಪ್ಪೂ ವಾಪಸ್ಸು ತರಲಾರದು.

ಹಂತ 6: ಕಳಿಸುವ ದಾರಿಯನ್ನೂ ಅಳೆಯಿರಿ

ಇದನ್ನು ಬಹಳಷ್ಟು ಜನ ಬಿಟ್ಟೇಬಿಡುತ್ತಾರೆ. ಆರ್‌ಎಸ್‌ಆರ್‌ಪಿ ಹೇಳುವುದು ಟವರಿನಿಂದ ಬರುವುದನ್ನು ಮಾತ್ರ. ಕೆಳಗಿನ ಆಂಟೆನಾ ಪೂರಾ ಮುಚ್ಚಿದರೂ ಮೇಲಿನ ಸಹಾಯಕ ಆಂಟೆನಾ ಆ ಕೊರತೆ ತುಂಬಿಕೊಟ್ಟು ಅಂಕಿ ಚೆನ್ನಾಗಿಯೇ ಕಾಣಬಹುದು. ಆದರೆ ಕಳಿಸಬೇಕಾದದ್ದು ಕೆಳಗಿನದು. ಟವರಿನ ಬಳಿ ಹತ್ತಾರು ವ್ಯಾಟಿನ ಶಕ್ತಿ ಇದೆ. 4ಜಿ ಫೋನಿನ ಗರಿಷ್ಠ ಶಕ್ತಿ 0.2 ವ್ಯಾಟ್. "ನಿಮ್ಮ ಮಾತು ನನಗ ಕೇಳಾಕತ್ತೈತಿ, ನಂದು ನಿಮಗ ಕೇಳವಲ್ದೇನು?" ಎಂದು ಕೂಗಾಡುವ ಪ್ರಸಂಗ ಬಹಳ ಸಲ ಹುಟ್ಟುವುದು ಹೀಗೆ.

ಅಳೆಯುವುದು ಹೀಗೆ: ಸುಮಾರು 20 ಎಂಬಿ ಗಾತ್ರದ ಒಂದು ವಿಡಿಯೊ ಆರಿಸಿಕೊಂಡು, ವೈಫೈ ಆಫ್ ಮಾಡಿ, ಡ್ರೈವ್‌ಗೆ ಏರಿಸಿ, ಎಷ್ಟು ಸೆಕೆಂಡ್ ಹಿಡಿಯಿತು ಬರೆಯಿರಿ. ಸ್ಟೂಲಿನ ಮೇಲೆ ಮೂರು ಸಲ, ಅಂಗೈಯಲ್ಲಿ ಮೂರು ಸಲ, ಒಂದಾದ ಮೇಲೊಂದು ಸರದಿಯಂತೆ. ಸಂಜೆ ಏಳರಿಂದ ಹತ್ತರವರೆಗೆ ಬೇಡ, ಆಗ ಟವರಿನಲ್ಲಿ ಸಂತೆ. ಸ್ಪೀಡ್ ಟೆಸ್ಟ್ ಆ್ಯಪ್ ಕೂಡ ನಡೆಯುತ್ತದೆ, ಆದರೆ ಒಂದೊಂದು ಸಲಕ್ಕೂ ನೂರಾರು ಎಂಬಿ ನುಂಗಬಹುದು, ದಿನದ ಡೇಟಾ ನೋಡಿಕೊಳ್ಳಿ.

ಸಿಗ್ನಲ್ ಗಟ್ಟಿ ಇರುವ ಜಾಗದಲ್ಲಿ ಎರಡಕ್ಕೂ ಅಂಥ ವ್ಯತ್ಯಾಸ ಕಾಣದಿದ್ದರೆ ಅಚ್ಚರಿಪಡಬೇಡಿ. ನೀವು ಮುಚ್ಚಿದಷ್ಟನ್ನು ಫೋನ್ ತನ್ನ ಬಲ ಏರಿಸಿ ಸರಿದೂಗಿಸಿದೆ, ಅಷ್ಟೇ. ಇಲ್ಲಿಯೇ ಮೊದಲ ಪ್ರಶ್ನೆ ಎರಡನೆಯದಕ್ಕೆ ಕೂಡುತ್ತದೆ. ಟವರು ಫೋನಿಗೆ ಸತತವಾಗಿ "ಇನ್ನಷ್ಟು ಜೋರು", "ಸಾಕು, ಇಳಿಸು" ಎಂದು ಹೇಳುತ್ತಲೇ ಇರುತ್ತದೆ. ಟವರು ಸಮೀಪವಿದ್ದಾಗ ಫೋನ್ ತನ್ನ ಗರಿಷ್ಠದ ಸಾವಿರದಲ್ಲಿ ಒಂದು ಪಾಲು, ಅದಕ್ಕೂ ಕಡಿಮೆ ಬಲದಲ್ಲಿ ಮಾತಾಡಬಲ್ಲದು. −115ರ ಮೂಲೆಯಲ್ಲಿ ಗಂಟಲು ಹರಿದುಕೊಂಡು ಗರಿಷ್ಠಕ್ಕೆ ನಿಲ್ಲುತ್ತದೆ. ಎರಡೂ ಕಡೆ ಅದೇ ಫೋನ್, ಅದೇ ಕಿವಿ.

ಇನ್ನೂ 2ಜಿಯಲ್ಲೇ ಓಡುವ ಕೀಪ್ಯಾಡ್ ಫೋನಿನ ಲೆಕ್ಕ ಬೇರೆ. 900ರಲ್ಲಿ ಅದು 2 ವ್ಯಾಟಿನವರೆಗೆ, ಸೆಕೆಂಡಿಗೆ 217 ಸಲ ತುಂಡುತುಂಡಾಗಿ ಮಿಡಿಯುತ್ತದೆ. ಸರಾಸರಿ ಕಾಲು ವ್ಯಾಟ್. ಕರೆ ಬರುವ ಮುಂಚೆ ರೇಡಿಯೊ, ಸ್ಪೀಕರುಗಳಲ್ಲಿ ಟಿಟ್-ಟಿಟಿಟಿಟ್ ಎಂದು ಕೇಳುವುದು ಅದೇ ಮಿಡಿತ. ಕಿವಿಯ ಯಂತ್ರ ಹಾಕಿಕೊಂಡ ಹಿರಿಯರಿಗೆ ಕಿರಿಕಿರಿ ಮಾಡುವುದೂ ಅದೇ.

ಹಂತ 7: ಸಾರ್ ಅಂಕಿ ಓದಿ, ಆದರೆ ಅದರಿಂದ ಮೋಸಹೋಗಬೇಡಿ

*#07# ಒತ್ತಿ. ಹೆಚ್ಚಿನ ಫೋನುಗಳಲ್ಲಿ ತಲೆಗೆ ಒಂದು, ಮೈಗೆ ಒಂದು, ಹೀಗೆ ಎರಡು ಅಂಕಿ ಕಾಣುತ್ತವೆ. ಒಂದು ಕಿಲೊ ಅಂಗಾಂಶಕ್ಕೆ ಎಷ್ಟು ವ್ಯಾಟ್ ಇಂಗುತ್ತದೆ ಎಂಬ ಅಳತೆ ಇದು. ಭಾರತದಲ್ಲಿ 2012ರ ಸೆಪ್ಟೆಂಬರ್ 1ರಿಂದ ಮಿತಿ 1.6 ವ್ಯಾಟ್, ಯಾವುದೇ ಒಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ. ಯುರೋಪಿನ ಮಿತಿ 2, ಆದರೆ ಅದು ಹತ್ತು ಗ್ರಾಂ ಸರಾಸರಿ. ಆದ್ದರಿಂದ ಹೊರದೇಶದಿಂದ ನೆಂಟರು ತಂದುಕೊಟ್ಟ ಫೋನಿನ ಅಂಕಿಯನ್ನು ಇಲ್ಲಿಯದಕ್ಕೆ ಹೋಲಿಸಿದರೆ ಸೇರನ್ನು ಪಾವಿಗೆ ಹೋಲಿಸಿದ ಹಾಗೆ.

ಪ್ರಯೋಗಶಾಲೆಯಲ್ಲಿ ಮನುಷ್ಯನ ತಲೆಯ ಆಕಾರದ ಪಾತ್ರೆಯಲ್ಲಿ ಮೆದುಳಿನ ಗುಣದ ದ್ರವ ತುಂಬಿ, ಫೋನನ್ನು ಗರಿಷ್ಠ ಬಲದಲ್ಲಿ ಓಡಿಸಿ ಈ ಅಂಕಿ ತೆಗೆಯುತ್ತಾರೆ. ಅಂದರೆ ಅದು ಅತಿ ಕೆಟ್ಟ ಸ್ಥಿತಿಯ ಅಂಕಿ, ನಿಮ್ಮ ದಿನದ ಅಂಕಿ ಅಲ್ಲ. ಸಾರ್ 1.2 ಇರುವ ಫೋನ್ ಒಳ್ಳೆಯ ರೇಂಜಿನಲ್ಲಿ, ಸಾರ್ 0.6 ಇರುವ ಫೋನ್ ತಗಡಿನ ಶೆಡ್ಡಿನಲ್ಲಿ ಇದ್ದರೆ ಮೈಗೆ ಹೆಚ್ಚು ಕೊಡುವುದು ಎರಡನೆಯದೇ. "ಕಡಿಮೆ ಸಾರ್" ಎಂದು ಹೆಚ್ಚು ರೊಕ್ಕ ಕೊಟ್ಟು ಫೋನ್ ಬದಲಿಸುವ ಅಗತ್ಯ ನನಗಂತೂ ಕಾಣುವುದಿಲ್ಲ. ಮೈಯ ಅಂಕಿಯನ್ನು ಫೋನ್ ಮೈಗೆ ತಾಗಿಸದೆ, 5ರಿಂದ 15 ಮಿಲಿಮೀಟರ್ ದೂರ ಹಿಡಿದು ಅಳೆದಿರುತ್ತಾರೆ. ಎಷ್ಟು ದೂರ ಎಂಬುದು ಕೈಪಿಡಿಯ ಸಣ್ಣಕ್ಷರದಲ್ಲಿ ಇರುತ್ತದೆ. ಹಳೇ ಫೋನ್ ಕೊಳ್ಳುವಾಗ *#06# ಒತ್ತಿ ಬರುವ ಐಎಂಇಐ ಸಂಖ್ಯೆಯನ್ನು ಸರಕಾರದ ಸಂಚಾರ್ ಸಾಥಿ ತಾಣದಲ್ಲಿ ನೋಡಿಕೊಳ್ಳಿ. ಅದು ಅಸಲಿ ಫೋನಲ್ಲದಿದ್ದರೆ ಅದು ತೋರಿಸುವ ಸಾರ್ ಅಂಕಿಗೆ ಬೆಲೆ ಇಲ್ಲ.

ಹಾಗಾದರೆ ಈ ಅಲೆಯಿಂದ ಆಗುವುದಾದರೂ ಏನು? ಖಚಿತವಾಗಿ ಗೊತ್ತಿರುವ ಪರಿಣಾಮ ಬಿಸಿ. ಎಕ್ಸ್‌ರೇಯಂತೆ ಅಣುಗಳನ್ನು ಒಡೆಯುವ ಶಕ್ತಿ ಈ ಅಲೆಗಳಿಗಿಲ್ಲ. ಬಿಸಿಯೂ ಎಷ್ಟು? ನಿಮ್ಮ ಮೆದುಳು ತಾನೇ ಸುಮಾರು 20 ವ್ಯಾಟ್ ಶಾಖ ಹುಟ್ಟಿಸುತ್ತದೆ. ಫೋನ್ ಒಟ್ಟು ಬಿಡುವುದೇ 0.2, ಅದರಲ್ಲೂ ಒಂದು ಪಾಲು. ಅರ್ಧ ತಾಸು ಮಾತಾಡಿದ ಮೇಲೆ ಕಿವಿ ಬಿಸಿಯಾಗುವುದಕ್ಕೆ ಕಾರಣ ಮುಖ್ಯವಾಗಿ ಬ್ಯಾಟರಿ ಮತ್ತು ಪ್ರೊಸೆಸರಿನ ಕಾವು, ಗಾಳಿ ಆಡದಿರುವುದು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಈ ಅಲೆಗಳನ್ನು 2ಬಿ ಗುಂಪಿಗೆ ಸೇರಿಸಿತು. "ಸಾಧ್ಯತೆಯನ್ನು ತಳ್ಳಿಹಾಕಲಾಗದು, ಸಾಕ್ಷ್ಯ ಸಾಲದು" ಎಂಬ ಗುಂಪು ಅದು, "ಆಗುತ್ತದೆ" ಎಂದಲ್ಲ. ಅದೇ ಸಂಸ್ಥೆ ಮಾಡಿಸಿದ, 2024ರಲ್ಲಿ ಹೊರಬಂದ ಅಧ್ಯಯನಗಳ ಪರಿಶೀಲನೆಯಲ್ಲಿ ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲ.

ಹಂತ 8: ಸರಿಪಡಿಸುವುದು

ಹಿಡಿತ ಮೊದಲು. ಹಂತ 5ರಲ್ಲಿ ಯಾವ ಹಿಡಿತಕ್ಕೆ ಅಂಕಿ ಖಾಲಿ ಅಳತೆಗೆ ಎಲ್ಲಕ್ಕಿಂತ ಹತ್ತಿರ ಉಳಿಯಿತೋ ಅದನ್ನೇ ರೂಢಿ ಮಾಡಿಕೊಳ್ಳಿ. ಹೆಚ್ಚಿನವರಿಗೆ ಅದು ಕೆಳಗಿನ ಎರಡಂಗುಲ ಬಿಟ್ಟು ನಡುವೆ ಹಿಡಿಯುವುದು.

ಅಂತರ ಆಮೇಲೆ. ಫೋನ್ ಮೈಗೆ ಅಂಟಿಕೊಂಡಿರುವಾಗ ಒಂದು ಸೆಂಟಿಮೀಟರ್ ದೂರವೂ ದೊಡ್ಡದೇ. ಸ್ಪೀಕರ್ ಹಚ್ಚಿ ಒಂದು ಗೇಣು ದೂರ ಹಿಡಿದರೆ ತಲೆಗೆ ಬರುವುದು ಬಹಳ ಇಳಿಯುತ್ತದೆ, ರೇಂಜೂ ಏರುತ್ತದೆ. ಬಸ್ಸಿನಲ್ಲಿ ಕೂತು ಸ್ಪೀಕರ್ ಹಚ್ಚಬೇಡಿ, ಅಲ್ಲಿ ವಯರಿನ ಇಯರ್‌ಫೋನ್ ಇದೆ. ಬ್ಲೂಟೂತ್ ಇಯರ್‌ಫೋನಿನದು ಸಾಮಾನ್ಯವಾಗಿ ಕೆಲವೇ ಮಿಲಿವ್ಯಾಟ್. ಫೋನಿನ ಗರಿಷ್ಠಕ್ಕೆ ಹೋಲಿಸಿದರೆ ಗಣನೆಗಿಲ್ಲ. ಹೆಲ್ಮೆಟ್ಟಿನೊಳಗೆ ಫೋನ್ ತುರುಕಿ ಕೆನ್ನೆಗೆ ಒತ್ತಿಕೊಂಡು ಬೈಕ್ ಓಡಿಸುವುದು ಎಲ್ಲ ಲೆಕ್ಕದಲ್ಲೂ ಕೆಟ್ಟದ್ದು: ಅಂತರ ಸೊನ್ನೆ, ಟವರು ಬದಲಾಗುತ್ತಲೇ ಇರುತ್ತದೆ, ಲಕ್ಷ್ಯ ರಸ್ತೆ ಮೇಲಿಲ್ಲ.

ಕವರನ್ನು ಈಗ ಹಾಕಿ ಮತ್ತೊಮ್ಮೆ ಖಾಲಿ ಅಳತೆ ತೆಗೆಯಿರಿ. ಸಿಲಿಕೋನ್, ಪ್ಲಾಸ್ಟಿಕ್, ಟೆಂಪರ್ಡ್ ಗ್ಲಾಸಿನಿಂದ ಗಮನಕ್ಕೆ ಬರುವ ವ್ಯತ್ಯಾಸ ಆಗುವುದಿಲ್ಲ. ನಿಜ ಹೇಳಬೇಕೆಂದರೆ ದಪ್ಪ ಸಿಲಿಕೋನ್ ಕವರ್ ಅಂಗೈಯನ್ನು ಎರಡು ಮಿಲಿಮೀಟರ್ ದೂರ ಇಟ್ಟು ಉಪಕಾರವನ್ನೇ ಮಾಡುತ್ತದೆ. ಕೈಕೊಡುವುದು ಲೋಹದ ಚೌಕಟ್ಟಿನ ಕವರ್, ಕಾರಿನ ಸ್ಟ್ಯಾಂಡಿಗೆಂದು ಅಂಟಿಸಿದ ಕಬ್ಬಿಣದ ಬಿಲ್ಲೆ, ಬೆರಳು ಸಿಕ್ಕಿಸಲು ಅಂಟಿಸಿದ ಲೋಹದ ಬಳೆ, ಕವರಿನ ಹಿಂದೆ ಸಿಕ್ಕಿಸಿಟ್ಟ ದೇವರ ತಾಮ್ರದ ತಗಡು. ಅಂಕಿ 3ಕ್ಕಿಂತ ಹೆಚ್ಚು ಬಿದ್ದರೆ ಅದನ್ನು ಬೇರೆ ಕಡೆ ಇಡಿ.

"ರೇಡಿಯೇಶನ್ ತಡೆಯುವ ಸ್ಟಿಕ್ಕರ್" ಮೇಲೆ ಒಂದು ಪೈಸೆಯೂ ಹಾಕಬೇಡಿ. ಅದು ನಿಜವಾಗಿ ಅಲೆ ತಡೆಯುವಂತಿದ್ದರೆ ಫೋನ್ ಟವರಿಗೆ ಮುಟ್ಟಲು ಇನ್ನಷ್ಟು ಬಲ ಏರಿಸುತ್ತದೆ. ತಡೆಯದಿದ್ದರೆ ಅದು ಬರೀ ಸ್ಟಿಕ್ಕರ್.

ಇನ್ನು ಮನೆ. ನಮ್ಮ ಕಡೆ ಗದಗ, ನರಗುಂದದ ಹಳೇ ಮಾಳಿಗೆ ಮನೆಗಳಲ್ಲಿ ಮೊಳದಪ್ಪ ಮಣ್ಣಿನ ಗೋಡೆ. ಬೇಸಿಗೆಯಲ್ಲಿ ತಂಪು, ಸಿಗ್ನಲ್ಲಿಗೆ ಕತ್ತಲೆಕೋಣೆ. ಆರ್‌ಸಿಸಿ ಮನೆಯ ನಡುಕೋಣೆ ಅಷ್ಟೇ. ತಗಡಿನ ಶೆಡ್ಡು ಇನ್ನೂ ಕಷ್ಟ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜುಗಳು, ಎರಡೂ ಮಗ್ಗಲು ಲೋಹದ ತಗಡು ಇರುವ ಫಲಕದಲ್ಲಿ ಕಟ್ಟಿದವಾದರೆ, ಪೂರಾ ಮುಚ್ಚಿದ ಡಬ್ಬಿಯೇ ಸರಿ. ಅಂಥ ಕಡೆ ಒಳಗೆ ನಿಂತು ಹಲೋ ಹಲೋ ಎನ್ನುವ ಬದಲು ಬಾಗಿಲ ಹೊರಗೆ ಹತ್ತು ಹೆಜ್ಜೆ ಬನ್ನಿ. ಮನೆಯಲ್ಲಿ ಕೋಣೆಗೊಂದು ಅಳತೆ ತೆಗೆದು ನೋಡಿ; ನಡುಮನೆಯಿಂದ ಕಿಟಕಿಗೆ ಬಂದರೆ ಅಂಕಿ 10 ಸುಧಾರಿಸುವುದು ಸಾಮಾನ್ಯ, ಅಂದರೆ ಹತ್ತುಪಟ್ಟು. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸು ಕೂಡ ಕಿಟಕಿ ಮುಚ್ಚಿದ ಲೋಹದ ಡಬ್ಬಿ, ಅದೂ ಓಡುವ ಡಬ್ಬಿ. ಉದ್ದ ಮಾತಿದ್ದರೆ ಇಳಿದ ಮೇಲೆ ಆಡಿ.

ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದರೆ ವೈಫೈ ಕಾಲಿಂಗ್ ಆನ್ ಮಾಡಿ. ದೂರದ ಟವರಿಗೆ ಕೂಗುವ ಕೆಲಸ ತಪ್ಪುತ್ತದೆ. ಆನ್‌ಲೈನಿನಲ್ಲಿ ಮಾರುವ ಸಿಗ್ನಲ್ ಬೂಸ್ಟರ್ ಮಾತ್ರ ಬೇಡ. ಪರವಾನಗಿ ಇಲ್ಲದೆ ಅದನ್ನು ಹಾಕುವುದು ಕಾನೂನಿಗೆ ವಿರುದ್ಧ, ಮೇಲಾಗಿ ಇಡೀ ಓಣಿಯ ಸಿಗ್ನಲ್ ಕೆಡಿಸುತ್ತದೆ.

ಎದೆಯಲ್ಲಿ ಯಂತ್ರ ಇದ್ದವರಿಗೆ

ಪೇಸ್‌ಮೇಕರ್ ಅಥವಾ ಹೃದಯಕ್ಕೆ ಶಾಕ್ ಕೊಡುವ ಯಂತ್ರ ಅಳವಡಿಸಿದ್ದರೆ ಫೋನನ್ನು ಅದರಿಂದ ಕನಿಷ್ಠ 15 ಸೆಂಟಿಮೀಟರ್ ದೂರ ಇಡಬೇಕು. ನೆಹರೂ ಅಂಗಿಯ ಎದೆಕಿಸೆ, ಒಳಬಂಡಿಯ ಕಿಸೆ ಎರಡೂ ಬೇಡ. ಪೇಸ್‌ಮೇಕರ್ ಹೆಚ್ಚಾಗಿ ಎಡಗಡೆ ಇರುತ್ತದೆ, ಆಗ ಬಲಗಿವಿಗೆ ಹಚ್ಚಿ ಮಾತಾಡಿ. ಇಲ್ಲಿ ಅಲೆಗಿಂತ ಹೆಚ್ಚು ಎಚ್ಚರ ಬೇಕಾದದ್ದು ಆಯಸ್ಕಾಂತದ ಬಗ್ಗೆ: ಹಿಂಬದಿಯಲ್ಲಿ ಆಯಸ್ಕಾಂತದ ಬಳೆ ಇರುವ ಫೋನ್, ಆಯಸ್ಕಾಂತದ ಮುಚ್ಚಳದ ಕವರ್, ಇಯರ್‌ಫೋನಿನ ಡಬ್ಬಿ. ಇವು ಹತ್ತಿರ ಬಂದರೆ ಯಂತ್ರ ಬೇರೆ ರೀತಿಯ ಓಟಕ್ಕೆ ಹೊರಳಬಹುದು. ರವಿಕೆಯೊಳಗೆ ಫೋನ್ ಇಟ್ಟುಕೊಳ್ಳುವ ರೂಢಿ ಇರುವ ತಾಯಂದಿರಿಗೂ ಇದನ್ನೇ ಹೇಳಿ. ಯಂತ್ರ ಇಲ್ಲದವರಿಗೂ ಅಲ್ಲಿ ಅಂತರ ಸೊನ್ನೆ, ಬೆವರು ಬೇರೆ. ಸೊಂಟಕ್ಕೊಂದು ಬಟ್ಟೆಯ ಚೀಲ ಒಳ್ಳೆಯದು.

ದಿಂಬಿನ ಬಾಜೂ ಇಟ್ಟುಕೊಳ್ಳುವುದರ ಬಗ್ಗೆ: ಸುಮ್ಮನಿರುವ ಫೋನ್ ಆಗೊಮ್ಮೆ ಈಗೊಮ್ಮೆ ಮಾತ್ರ ಅಲೆ ಬಿಡುತ್ತದೆ. ಅಲ್ಲಿಯ ನಿಜವಾದ ಅಪಾಯ ಚಾರ್ಜಿಗೆ ಹಾಕಿ ದಿಂಬಿನ ಕೆಳಗೆ ಇಡುವುದು, ಕಾವು ಹೊರಗೆ ಹೋಗದೆ ಬೆಂಕಿ ಹತ್ತಬಹುದು.

ಓಣಿಯಲ್ಲಿ ಟವರು ಬೇಡ ಎನ್ನುವವರಿಗೆ

ಟವರಿನ ಆಂಟೆನಾ ಅಲೆಯನ್ನು ಟಾರ್ಚಿನ ಬೆಳಕಿನಂತೆ ದೂರಕ್ಕೆ, ಬಹುತೇಕ ಅಡ್ಡಕ್ಕೆ ಎಸೆಯುತ್ತದೆ. ಬುಡದಲ್ಲಿ ಬೀಳುವುದು ಕಡಿಮೆ. 2012ರ ಸೆಪ್ಟೆಂಬರ್‌ನಲ್ಲಿ ಭಾರತ ಟವರುಗಳ ಮಿತಿಯನ್ನು ಅಂತರರಾಷ್ಟ್ರೀಯ ಮಾರ್ಗಸೂಚಿಯ ಹತ್ತನೇ ಒಂದಕ್ಕೆ ಇಳಿಸಿತು. 900 ಮೆಗಾಹರ್ಟ್ಜ್‌ಗೆ ಅದು ಚದರ ಮೀಟರಿಗೆ 0.45 ವ್ಯಾಟ್. ಕೇಂದ್ರ ದೂರಸಂಪರ್ಕ ಇಲಾಖೆಯ ತರಂಗ ಸಂಚಾರ ತಾಣದಲ್ಲಿ ನಿಮ್ಮ ಸುತ್ತಲಿನ ಟವರುಗಳನ್ನು ನಕ್ಷೆಯ ಮೇಲೆ ನೋಡಬಹುದು, ಅನುಮಾನವಿದ್ದರೆ ಶುಲ್ಕ ಕಟ್ಟಿ ಸ್ಥಳದಲ್ಲೇ ಅಳತೆ ಮಾಡಿಸಬಹುದು. ಅದು ಬಿಟ್ಟು ಟವರನ್ನೇ ಊರ ಹೊರಗೆ ಓಡಿಸಿದರೆ ಓಣಿಯ ಅಷ್ಟೂ ಫೋನುಗಳು ದೂರಕ್ಕೆ ಕೂಗಲು ಹತ್ತುತ್ತವೆ, ಕಿವಿಗೆ ಅಂಟಿಕೊಂಡೇ.

ಎಲ್ಲ ಅಳತೆ ಆದ ಮೇಲೆ ಮರೆಯದೆ ಎಲ್‌ಟಿಇ ಓನ್ಲಿ ತೆಗೆದು ಮೊದಲಿನಂತೆ ಆಟೋಗೆ ಹಾಕಿ, ಎರಡನೇ ಸಿಮ್ ಆನ್ ಮಾಡಿ. ನಿಮ್ಮ ಸಿಮ್ಮಿನಲ್ಲಿ 4ಜಿ ಮೂಲಕವೇ ಮಾತಾಡುವ ವೋಲ್ಟಿ ಸೌಲಭ್ಯ ಚಾಲೂ ಇಲ್ಲದಿದ್ದರೆ ಆ ಸ್ಥಿತಿಯಲ್ಲಿ ಒಂದು ಕರೆಯೂ ಒಳಗೆ ಬರುವುದಿಲ್ಲ, ಮನೆಯವರು ಸಂಜೆಯವರೆಗೂ ಹಚ್ಚುತ್ತಲೇ ಇರುತ್ತಾರೆ.